ಜಂಬೂಸವಾರಿಯ ಹೊತ್ತಿಗೆ ನೆಟ್‌ವರ್ಕ್ ಎಲ್ಲಿ ಹೋಗುತ್ತದೆ?

ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ ರೇಡಿಯೊ ಬಿತ್ತರಿಸಲು ಶುರುಮಾಡಿದಾಗ ಅವರ ಬಳಿ ಇದ್ದದ್ದು 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್. ನಡುಮನೆಯಲ್ಲಿ ಉರಿಯುತ್ತಿದ್ದ ಹಳೆಯ ಕಾಲದ ಬಲ್ಬಿಗೂ ಅದಕ್ಕಿಂತ ಹೆಚ್ಚು ಕರೆಂಟು ಬೇಕಾಗುತ್ತಿತ್ತು. ಆ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ 1957ರಲ್ಲಿ ಇಡೀ ದೇಶದ ರೇಡಿಯೊ ತನ್ನದಾಗಿಸಿಕೊಂಡಿತು. ಈ ಹೆಸರಿನ ಕಥೆಯನ್ನು ಮೈಸೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲೇಬೇಕು. ನನ್ನ ಕುತೂಹಲ ಮಾತ್ರ ಆ 30 ವ್ಯಾಟಿನ ಸುತ್ತಲೇ ಸುಳಿಯುತ್ತದೆ.

ಇವತ್ತು ಊರಿನ ಯಾವ ಮೊಬೈಲ್ ಟವರ್ ನೋಡಿದರೂ ಅದರ ಒಂದೊಂದು ಆಂಟೆನಾಕ್ಕೆ 40 ವ್ಯಾಟಿನ ಆಸುಪಾಸು ಶಕ್ತಿ ಇರುತ್ತದೆ. ಅಂಥ ಟವರುಗಳು ನಗರದಲ್ಲಿ ನೂರಾರಿವೆ. ಆದರೂ ವಿಜಯದಶಮಿಯ ಮಧ್ಯಾಹ್ನ ದಸರೆಯ ಜಂಬೂಸವಾರಿ ನೋಡಲು ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು, ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ತಮ್ಮನಿಗೆ ಒಂದು ಫೋನ್ ಮಾಡಿ ನೋಡಿ. ಹೋಗುವುದಿಲ್ಲ. ಪರದೆಯ ಮೇಲೆ ನಾಲ್ಕಕ್ಕೆ ನಾಲ್ಕು ಕಡ್ಡಿಯೂ ನಿಂತಿರುತ್ತವೆ, ಕರೆ ಮಾತ್ರ ಹೋಗುವುದಿಲ್ಲ.

ಗೋಪಾಲಸ್ವಾಮಿಯವರು ಮಾತಾಡಿದರೆ ಊರೆಲ್ಲ ಒಂದೇ ಮಾತು ಕೇಳುತ್ತಿತ್ತು. ಕೇಳುವವರು ಹತ್ತು ಜನವಾದರೂ ಹತ್ತು ಸಾವಿರವಾದರೂ ಟ್ರಾನ್ಸ್‌ಮಿಟರಿಗೆ ಕೆಲಸ ಹೆಚ್ಚುತ್ತಿರಲಿಲ್ಲ. ಮೊಬೈಲಿನಲ್ಲಿ ಹಾಗಲ್ಲ, ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾತು, ಬೇರೆ ಬೇರೆ ವಿಡಿಯೊ. ಎಲ್ಲವೂ ಅದೇ ತರಂಗಗುಚ್ಛದ ಒಳಗೆ, ಅದೇ ಗಳಿಗೆಯಲ್ಲಿ ಆಗಬೇಕು. ಶಕ್ತಿ ಸಾಲದು ಎಂಬುದು ಇಲ್ಲಿನ ತೊಂದರೆಯಲ್ಲ, ಹಂಚಿಕೊಳ್ಳುವುದು ಹೇಗೆ ಎಂಬುದೇ ತೊಂದರೆ. ವೈರ್‌ಲೆಸ್ ಮತ್ತು ಆಪ್ಟಿಕಲ್ ಜಾಲಗಳ ಸಂಶೋಧನೆಯ ಮುಕ್ಕಾಲು ಭಾಗ ಈ ಹಂಚಿಕೆಯ ಜಗಳವೇ.

ಕಡ್ಡಿಗಳ ವಿಷಯವನ್ನೇ ಮೊದಲು ನೋಡೋಣ. ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಕಡ್ಡಿಗಳು ಹೇಳುತ್ತವೆ. ನಿಮ್ಮ ದನಿ ಟವರಿಗೆ ಕೇಳಿಸುತ್ತಿದೆಯೇ, ಕೇಳಿಸಿದರೂ ನಿಮಗೆ ಕೊಡಲು ಅಲ್ಲಿ ಜಾಗ ಉಳಿದಿದೆಯೇ ಎಂದು ಅವು ಹೇಳುವುದೇ ಇಲ್ಲ. ಟವರಿನದು 40 ವ್ಯಾಟಾದರೆ ನಿಮ್ಮ ಫೋನಿನದು ಸಾಮಾನ್ಯವಾಗಿ 0.2 ವ್ಯಾಟ್. ಸಾಲದ್ದಕ್ಕೆ ಮಾತು ಶುರುವಾಗುವ ಮೊದಲು ಫೋನು ಟವರಿನ ಅನುಮತಿ ಕೇಳಬೇಕು. 4ಜಿಯಲ್ಲಿ ಹೀಗೆ ಬಾಗಿಲು ತಟ್ಟಲು ಒಂದು ಸೆಲ್ಲಿಗೆ 64 ಗೊತ್ತಾದ ಸಂಕೇತಗಳಿವೆ. ಫೋನು ಅವುಗಳಲ್ಲಿ ಒಂದನ್ನು ಕುರುಡಾಗಿ ಆರಿಸಿ ಕಳಿಸುತ್ತದೆ. ಅದೇ ಗಳಿಗೆಯಲ್ಲಿ ಪಕ್ಕದವರ ಫೋನೂ ಅದೇ ಸಂಕೇತ ಆರಿಸಿದರೆ ಎರಡೂ ಡಿಕ್ಕಿ ಹೊಡೆದು ಎರಡೂ ಹಾಳಾಗುತ್ತವೆ. ಆಮೇಲೆ ಸ್ವಲ್ಪ ಕಾದು ಇನ್ನೊಮ್ಮೆ ತಟ್ಟಬೇಕು. ನೂರು ಜನರಿದ್ದರೆ ಇದು ಸಲೀಸು. ಹತ್ತು ಸಾವಿರ ಜನ ಒಂದೇ ಬೀದಿಯಲ್ಲಿ ನಿಂತು ಸೋತ ಫೋನುಗಳೆಲ್ಲ ಮತ್ತೆ ಮತ್ತೆ ತಟ್ಟತೊಡಗಿದರೆ ಸೋಲೇ ಸೋಲನ್ನು ಹೆಚ್ಚಿಸುತ್ತಾ ಹೋಗುತ್ತದೆ.

ಈ ಡಿಕ್ಕಿಯ ಲೆಕ್ಕ ಹೊಸದೇನಲ್ಲ. ಹವಾಯಿ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊ ಮೂಲಕ ಜೋಡಿಸಲು ನಾರ್ಮನ್ ಅಬ್ರಾಮ್ಸನ್ 1971ರಲ್ಲಿ ‘ಅಲೋಹಾ’ ಎಂಬ ಜಾಲ ಕಟ್ಟಿದರು. ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಲಿ, ಡಿಕ್ಕಿಯಾದರೆ ಮತ್ತೆ ಕಳಿಸಲಿ ಎಂಬ ಉದಾರ ನೀತಿ ಅದರದು. ಆ ಉದಾರತೆಗೆ ತೆರಬೇಕಾದ ಬೆಲೆಯೂ ಲೆಕ್ಕದಲ್ಲಿ ಹೊರಬಿತ್ತು: ದಾರಿಯ ಸಾಮರ್ಥ್ಯದಲ್ಲಿ ಶೇ 18ಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗಡಿಯಾರ ಸರಿಹೊಂದಿಸಿಕೊಂಡು ಎಲ್ಲರೂ ಗೊತ್ತಾದ ಗಳಿಗೆಗಳಲ್ಲೇ ಕಳಿಸಿದರೆ ಅದು ದುಪ್ಪಟ್ಟಾಗಿ ಶೇ 37ರ ಹತ್ತಿರ ಬರುತ್ತದೆ. ಐವತ್ತು ವರ್ಷ ಕಳೆದು 5ಜಿ ಬಂದರೂ ಫೋನು ಮೊದಲ ಸಲ ಬಾಗಿಲು ತಟ್ಟುವ ಕ್ರಮದಲ್ಲಿ ಅಲೋಹಾದ ರಕ್ತವೇ ಹರಿಯುತ್ತಿದೆ.

ದಸರೆಗೇ ವಿಶೇಷವಾದ ಇನ್ನೊಂದು ತೊಡಕಿದೆ. ಸಾಮಾನ್ಯ ದಿನಗಳಲ್ಲಿ ನಾವು ಫೋನಿಗೆ ಇಳಿಸಿಕೊಳ್ಳುವುದೇ ಹೆಚ್ಚು: ಸಿನಿಮಾ, ರೀಲ್ಸು, ಕ್ರಿಕೆಟ್ಟು. ಹಾಗಾಗಿ 5ಜಿಯಲ್ಲಿ ಸಮಯದ ಸುಮಾರು ಮುಕ್ಕಾಲು ಪಾಲನ್ನು ಟವರಿನಿಂದ ಫೋನಿಗೆ ಬರುವ ದಿಕ್ಕಿಗೆ ಮೀಸಲಿಟ್ಟು, ಉಳಿದದ್ದನ್ನು ಫೋನಿನಿಂದ ಟವರಿಗೆ ಹೋಗುವ ದಿಕ್ಕಿಗೆ ಬಿಡುತ್ತಾರೆ. ಆದರೆ 750 ಕಿಲೊ ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಹೊರಟು ಕೆ.ಆರ್. ವೃತ್ತ ದಾಟಿ ಬರುತ್ತಿರುವಾಗ ಯಾರೂ ಸಿನಿಮಾ ನೋಡುತ್ತಿರುವುದಿಲ್ಲ. ಎಲ್ಲರೂ ಕೈ ಎತ್ತಿ ವಿಡಿಯೊ ಹಿಡಿಯುತ್ತಾರೆ, ಹಿಡಿದದ್ದನ್ನು ಅಲ್ಲೇ ನಿಂತು ವಾಟ್ಸ್ಯಾಪಿಗೆ ಏರಿಸುತ್ತಾರೆ. ಅಗಲವಾದ ದಿಕ್ಕು ಖಾಲಿ ಹೊಡೆಯುತ್ತಿರುತ್ತದೆ, ಕಿರಿದಾದ ದಿಕ್ಕಿನಲ್ಲಿ ನೂಕುನುಗ್ಗಲು.

ಹಾಗಾದರೆ ಆ ಒಂದು ಮಧ್ಯಾಹ್ನಕ್ಕೆ ಅನುಪಾತ ತಿರುಗಿಸಿಬಿಟ್ಟರಾಯಿತಲ್ಲ? ಸಂಶೋಧಕರು ಕೇಳಿಕೊಂಡದ್ದೂ ಇದನ್ನೇ. ತೊಡಕು ಏನೆಂದರೆ, ಪಕ್ಕದ ಟವರು ತನ್ನ 40 ವ್ಯಾಟಿನಲ್ಲಿ ಮಾತಾಡುತ್ತಿರುವ ಗಳಿಗೆಯಲ್ಲೇ ಈ ಟವರು ಕಿವಿಗೊಟ್ಟು 0.2 ವ್ಯಾಟಿನ ಫೋನುಗಳ ದನಿ ಕೇಳಬೇಕಾಗುತ್ತದೆ. ಅಬ್ಬರದ ನಡುವೆ ಪಿಸುಮಾತು ಕೇಳುವುದಿಲ್ಲ. ಹಾಗಾಗಿ ಅನುಪಾತ ಬದಲಿಸುವುದಿದ್ದರೆ ಸುತ್ತಲಿನ ಟವರುಗಳೆಲ್ಲ, ಒಂದೇ ತರಂಗಪಟ್ಟಿಯಲ್ಲಿರುವ ಬೇರೆ ಕಂಪನಿಗಳ ಟವರುಗಳೂ ಸೇರಿ, ಒಟ್ಟಿಗೆ ಬದಲಿಸಬೇಕು. ಸಯ್ಯಾಜಿರಾವ್ ರಸ್ತೆಗೆ ಬೇಕಾದದ್ದು ಕುವೆಂಪುನಗರದಲ್ಲಿ ಮನೆಯಲ್ಲಿ ಕೂತು ಟಿವಿ ನೋಡುವವರಿಗೆ ಬೇಡ. ಗಡಿ ಎಲ್ಲಿ ಎಳೆಯಬೇಕು, ಗಡಿಯಲ್ಲಿರುವವರ ಗತಿ ಏನು ಎಂಬುದು ಇನ್ನೂ ಬಿಡಿಸಿ ಮುಗಿಯದ ಲೆಕ್ಕ.

ಆಂಟೆನಾಗಳ ಸಂಖ್ಯೆ ಹೆಚ್ಚಿಸಿ ಜನರನ್ನು ಜಾಗದ ಆಧಾರದಲ್ಲಿ ಬೇರ್ಪಡಿಸುವ ದಾರಿಯೂ ಇದೆ. ಈ ವಿದ್ಯೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಚೊಕ್ಕಲಿಂಗಂ ಮತ್ತು ಬಿ. ಸುಂದರ್ ರಾಜನ್ ಅವರ ಕೆಲಸ ಹೆಸರುವಾಸಿ. ಹತ್ತಾರು, ನೂರಾರು ಆಂಟೆನಾಗಳು ಒಟ್ಟಿಗೆ ಹಿಡಿದ ಸಂಕೇತಗಳ ಗೋಜಲನ್ನು ಕಡಿಮೆ ಲೆಕ್ಕದಲ್ಲಿ ಬಿಡಿಸುವುದು ಹೇಗೆಂದು ಅವರು 2014ರಲ್ಲಿ ಇಡೀ ಪುಸ್ತಕವನ್ನೇ ಬರೆದರು. ಆದರೆ ಇಬ್ಬರ ದಾರಿಗಳು ಬೇರೆ ಬೇರೆಯಾಗಿದ್ದಷ್ಟೂ ಬೇರ್ಪಡಿಸುವುದು ಸುಲಭ. ಭುಜಕ್ಕೆ ಭುಜ ತಾಗಿಸಿ ನಿಂತವರನ್ನು ದೂರದ ಟವರು ಒಬ್ಬನೇ ಮನುಷ್ಯ ಎಂಬಂತೆ ನೋಡುತ್ತದೆ. ಜಂಬೂಸವಾರಿಯ ಜನ ನಿಲ್ಲುವುದೇ ಹಾಗೆ.

ಹೀಗೆ ಒಟ್ಟಾಗಿ ನಿಂತ ಜನ ಹಳೆಯ ಲೆಕ್ಕವನ್ನೂ ಕೆಡಿಸುತ್ತಾರೆ. ಟೆಲಿಫೋನ್ ಜಾಲಗಳ ಗಣಿತಕ್ಕೆ ಅಡಿಪಾಯ ಹಾಕಿದವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ.ಕೆ. ಎರ್ಲಾಂಗ್. ಎಷ್ಟು ಜನರಿಗೆ ಎಷ್ಟು ಲೈನು ಇಟ್ಟರೆ ನೂರಕ್ಕೆ ಎಷ್ಟು ಕರೆ ವಿಫಲವಾಗುತ್ತವೆ ಎಂಬ ಅವರ 1917ರ ಸೂತ್ರವನ್ನು ಇಂದಿಗೂ ಎಂಜಿನಿಯರಿಂಗ್ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಸೂತ್ರ ಒಂದು ನಂಬಿಕೆಯ ಮೇಲೆ ನಿಂತಿದೆ: ಒಬ್ಬರು ಫೋನ್ ಮಾಡುವುದಕ್ಕೂ ಇನ್ನೊಬ್ಬರು ಮಾಡುವುದಕ್ಕೂ ಸಂಬಂಧವಿಲ್ಲ. ಕೋಪನ್‌ಹೇಗನ್ನಿನ ಮಂಗಳವಾರಕ್ಕೆ ಅದು ನಿಜ. ಪುಷ್ಪಾರ್ಚನೆಯಾಗಿ ಆನೆ ಹೆಜ್ಜೆ ಕಿತ್ತ ಆ ನಿಮಿಷಕ್ಕೆ ನಿಜವಲ್ಲ. ಅಲ್ಲಿ ಎಲ್ಲರ ಬೆರಳೂ ಒಂದೇ ಕಾರಣಕ್ಕೆ ಒಂದೇ ಸಲ ಪರದೆ ಮುಟ್ಟುತ್ತದೆ.

“ಇನ್ನೂ ನಾಲ್ಕು ಟವರ್ ಹಾಕಿ” ಎಂಬುದು ಎಲ್ಲರಿಗೂ ಹೊಳೆಯುವ ಪರಿಹಾರ. ಜಾತ್ರೆಗಳಿಗೆ ಕಂಪನಿಗಳು ಲಾರಿಯ ಮೇಲೆ ಟವರು ತಂದು ನಿಲ್ಲಿಸುವುದೂ ಉಂಟು. ಆದರೆ ಟವರಿನಿಂದಾಚೆಗೆ ಏನಿದೆ? ವೈರ್‌ಲೆಸ್ ಎಂಬುದು ನಿಮ್ಮ ಕೈಯಿಂದ ಟವರಿನವರೆಗಿನ ಕೆಲವು ನೂರು ಮೀಟರುಗಳ ಮಾತು. ಅಲ್ಲಿಂದ ಮುಂದೆ ಹೆಚ್ಚಿನ ಭಾರ ಹೊರುವುದು ನೆಲದೊಳಗಿನ ಗಾಜಿನ ಎಳೆ. ಎಳೆ ತಲುಪದ ಟವರಿಗೆ ಬಾಯಿದ್ದರೂ ದನಿ ಕಮ್ಮಿ. ಅರಮನೆಯ ಸುತ್ತಲಿನ ಪಾರಂಪರಿಕ ವಲಯದಲ್ಲಿ ಕಂಬ ನೆಡುವುದೂ ಕಷ್ಟ, ನೆಲ ಅಗೆಯುವುದೂ ಕಷ್ಟ. ಹಾಗಾಗಿ ಇಂದಿನ ಒಳ್ಳೆಯ ಸಂಶೋಧನೆ ರೇಡಿಯೊ ಮತ್ತು ಗಾಜು ಎರಡನ್ನೂ ಬೇರೆ ಬೇರೆ ಪಾಠವಾಗಿ ನೋಡುವುದಿಲ್ಲ. ಎರಡೂ ಸೇರುವ ಕೀಲಿನಲ್ಲೇ ಕಷ್ಟದ ಪ್ರಶ್ನೆಗಳಿವೆ.

ಒಂದು ಉದಾಹರಣೆ ಕೊಡುತ್ತೇನೆ. ಟವರಿನ ಬುಡದಲ್ಲಿರುವ ಲೆಕ್ಕದ ಪೆಟ್ಟಿಗೆಗಳನ್ನೆಲ್ಲ ಕಿತ್ತು ನಗರದ ಒಂದೇ ಕಟ್ಟಡದಲ್ಲಿ ಕೂಡಿಸಿದರೆ ಕರೆಂಟೂ ಉಳಿಯುತ್ತದೆ, ಟವರುಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದೂ ಸುಲಭ. ಟವರಿನಲ್ಲಿ ಬರೀ ಆಂಟೆನಾ, ಬುದ್ಧಿ ಎಲ್ಲ ಊರೊಳಗೆ. ಆದರೆ ಫೋನು ಕಳಿಸಿದ ಪ್ರತಿ ತುಣುಕಿಗೂ ಟವರು ಕೆಲವೇ ಮಿಲಿಸೆಕೆಂಡುಗಳಲ್ಲಿ ‘ಬಂತು’ ಅಥವಾ ‘ಬರಲಿಲ್ಲ’ ಎಂದು ಉತ್ತರ ಕೊಡಬೇಕೆಂಬ ನಿಯಮವಿದೆ. ಲೆಕ್ಕಕ್ಕೆ ಹೋಗುವ ಸಮಯ ಕಳೆದರೆ ಹಾದಿಗೆ ಉಳಿಯುವುದು ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಆ ಅವಧಿಯಲ್ಲಿ 20 ಕಿಲೋಮೀಟರ್. ಮೈಸೂರಿನಲ್ಲಿ ಕಟ್ಟಡ ಕಟ್ಟಿದರೆ ಶ್ರೀರಂಗಪಟ್ಟಣ ಅದರ ಆಳ್ವಿಕೆಗೆ ಸಿಗುತ್ತದೆ. ನಂಜನಗೂಡು ಗೆರೆಯಿಂದ ಸ್ವಲ್ಪ ಆಚೆಗೆ ಬೀಳುತ್ತದೆ. ಹುಣಸೂರು, ಎಚ್.ಡಿ. ಕೋಟೆಯ ಮಾತೇ ಬೇಡ. ಬೆಳಕಿನ ವೇಗವನ್ನು ಯಾವ ಟೆಂಡರಿನಿಂದಲೂ ಹೆಚ್ಚಿಸಲಾಗದು. ಯಾವ ಬುದ್ಧಿಯನ್ನು ಟವರಿನಲ್ಲೇ ಉಳಿಸಬೇಕು, ಯಾವುದನ್ನು ಊರಿಗೆ ತರಬಹುದು ಎಂದು ಹರಿದು ಹಂಚುವುದೇ ಈಗ ನಡೆಯುತ್ತಿರುವ ಕೆಲಸ.

ಇನ್ನು ಆ ಗಾಜಿನ ಎಳೆ. 1966ರಲ್ಲಿ ಚಾರ್ಲ್ಸ್ ಕಾವೊ, ಗಾಜನ್ನು ಶುದ್ಧ ಮಾಡಿದರೆ ಅದರೊಳಗೆ ಸುದ್ದಿ ಕಳಿಸಬಹುದು ಎಂದಾಗ ಅವರು ಆಸೆಪಟ್ಟಿದ್ದು ಒಂದು ಕಿಲೋಮೀಟರಿನ ಕೊನೆಗೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು ಎಂದು. ಆ ಲೇಖನಕ್ಕೆ 2009ರಲ್ಲಿ ನೊಬೆಲ್ ಬಂತು. ಇವತ್ತಿನ ಗಾಜು ಎಷ್ಟು ತಿಳಿಯೆಂದರೆ ಮೈಸೂರಿನಿಂದ ಹೊರಟ ಬೆಳಕು ಸುಮಾರು 15 ಕಿಲೋಮೀಟರ್ ದಾಟಿ ಶ್ರೀರಂಗಪಟ್ಟಣ ಮುಟ್ಟಿದಾಗಲೂ ಅರ್ಧ ಉಳಿದಿರುತ್ತದೆ. ಬೆಂಗಳೂರಿನವರೆಗಿನ 145 ಕಿಲೋಮೀಟರಿಗೆ ಎಂಟುನೂರರಲ್ಲಿ ಒಂದು ಪಾಲು. ಅದಕ್ಕೆ ಸುಮಾರು 80 ಕಿಲೋಮೀಟರಿಗೊಮ್ಮೆ ಎರ್ಬಿಯಂ ಧಾತು ಬೆರೆಸಿದ ಗಾಜಿನ ವರ್ಧಕ ಇಟ್ಟು ಬೆಳಕಿಗೆ ಬಲ ತುಂಬುತ್ತಾರೆ. ಬೆಂಗಳೂರಿನಿಂದ ಹೊರಟರೆ ಆ ಜಾಗ ಮದ್ದೂರಿನ ಆಸುಪಾಸು ಬರುತ್ತದೆ. ನಾವು ವಡೆ ತಿಂದು ಸುಧಾರಿಸಿಕೊಂಡು ಹೊರಡುವ ಹಾಗೆ ಬೆಳಕೂ ಅಲ್ಲೇ ಒಮ್ಮೆ ದಣಿವಾರಿಸಿಕೊಳ್ಳಬೇಕಾಗುತ್ತದೆ.

ಒಂದು ಎಳೆಯಲ್ಲಿ ಒಂದೇ ಬಣ್ಣದ ಬೆಳಕು ಹೋಗುವುದಿಲ್ಲ. ಕಣ್ಣಿಗೆ ಕಾಣದ, ಕೂದಲೆಳೆಯಷ್ಟು ವ್ಯತ್ಯಾಸದ ಎಂಬತ್ತು ತೊಂಬತ್ತು ಬಣ್ಣಗಳು ಒಟ್ಟಿಗೆ ಹೋಗುತ್ತವೆ. ಒಂದೊಂದು ಬಣ್ಣವೂ ಸೆಕೆಂಡಿಗೆ ನೂರಾರು ಗಿಗಾಬಿಟ್ ಹೊರುತ್ತದೆ. ಇಲ್ಲಿ ಒಂದು ಗಂಟು ಬೀಳುತ್ತದೆ. ಮಂಗಳೂರಿನಿಂದ ಹಾಸನ, ಮೈಸೂರು ದಾಟಿ ಕೊಯಮತ್ತೂರಿಗೆ ಒಂದು ಬೆಳಕಿನ ದಾರಿ ಬೇಕೆಂದಿಟ್ಟುಕೊಳ್ಳಿ. ನಡುವೆ ಎಲ್ಲೂ ವಿದ್ಯುತ್ತಾಗಿ ಬದಲಾಗದೆ ಹೋಗಬೇಕಾದರೆ ಪ್ರತಿ ತುಂಡಿನಲ್ಲೂ ಅದೇ ಬಣ್ಣ ಖಾಲಿ ಇರಬೇಕು. ಹಾಸನದವರೆಗೆ ಹತ್ತು ಬಣ್ಣ ಖಾಲಿ, ಅಲ್ಲಿಂದಾಚೆಗೆ ಬೇರೆ ಹತ್ತು ಖಾಲಿ ಎಂದರೆ ಪ್ರಯೋಜನವಿಲ್ಲ. ಯಾರಿಗೆ ಯಾವ ದಾರಿ, ಯಾವ ಬಣ್ಣ ಎಂದು ನಿರ್ಧರಿಸುವ ಈ ಸಮಸ್ಯೆ ಗಣಿತದಲ್ಲಿ ಅತಿ ಕಠಿಣವೆಂದು ಗುರುತಿಸಿದ ವರ್ಗಕ್ಕೆ ಸೇರಿದೆ. ಊರುಗಳ ಸಂಖ್ಯೆ ಹೆಚ್ಚಿದಂತೆ ನಿಖರ ಉತ್ತರ ಹುಡುಕುವುದು ಎಂಥ ಕಂಪ್ಯೂಟರಿಗೂ ನಿಲುಕದಾಗುತ್ತದೆ. ಹಾಗಾಗಿ ‘ಸಾಕಷ್ಟು ಒಳ್ಳೆಯ’ ಉತ್ತರಗಳನ್ನು ಬೇಗ ಹುಡುಕುವ ಉಪಾಯಗಳ ಮೇಲೆ ಮೂವತ್ತು ವರ್ಷಗಳಿಂದ ಪ್ರಬಂಧಗಳು ಬರುತ್ತಲೇ ಇವೆ.

ಈ ವಿಷಯದ ಪಠ್ಯವೆಂದು ಜಗತ್ತಿನೆಲ್ಲೆಡೆ ಓದುವ ಪುಸ್ತಕಗಳಲ್ಲಿ ಒಂದನ್ನು 1998ರಲ್ಲಿ ರಾಜೀವ್ ರಾಮಸ್ವಾಮಿಯವರೊಡನೆ ಬರೆದವರು ಕುಮಾರ್ ಶಿವರಾಜನ್. ಅವರು ಆಗ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ತೇಜಸ್ ನೆಟ್‌ವರ್ಕ್ಸ್ ಕಂಪನಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಹಳ್ಳಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆಗೂ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೂ ಉಪಕರಣ ಮಾಡಿದ್ದು ಅದೇ ಕಂಪನಿ. ಕರಿಹಲಗೆಯಿಂದ ಕಾರ್ಖಾನೆಗೆ ಇಷ್ಟು ನೇರವಾಗಿ ನಡೆದು ಬಂದ ವಿದ್ಯೆ ನಮ್ಮಲ್ಲಿ ಅಪರೂಪ.

ಬಣ್ಣ ಹಂಚುವ ಪ್ರಬಂಧಗಳನ್ನು ತೆರೆದು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಲೇಖಕರು ಬೀಜಿಂಗಿನವರಾಗಲಿ, ಬೆಳಗಾವಿಯವರಾಗಲಿ, ಚಿತ್ರದಲ್ಲಿರುವ ನಕ್ಷೆ ಬಹಳ ಸಲ ಒಂದೇ: ಹದಿನಾಲ್ಕು ಚುಕ್ಕಿ, ಇಪ್ಪತ್ತೊಂದು ಗೆರೆ. ಅದು ಅಮೆರಿಕದ ಎನ್‌ಎಸ್‌ಎಫ್‌ನೆಟ್. ಸಿಯಾಟಲ್, ಸಾಲ್ಟ್ ಲೇಕ್ ಸಿಟಿ, ಹ್ಯೂಸ್ಟನ್, ಪಿಟ್ಸ್‌ಬರ್ಗ್, ಅಟ್ಲಾಂಟಾ. ಆ ಜಾಲವನ್ನು 1995ರಲ್ಲೇ ಕಳಚಿಟ್ಟರು. ಸತ್ತ ಜಾಲದ ನಕ್ಷೆ ಪ್ರಬಂಧಗಳಲ್ಲಿ ಮಾತ್ರ ಇನ್ನೂ ಬದುಕಿದೆ. ಎಲ್ಲರೂ ಒಂದೇ ನಕ್ಷೆ ಬಳಸಿದರೆ ಯಾರ ಉಪಾಯ ಮೇಲೆಂದು ಹೋಲಿಸಲು ಅನುಕೂಲ, ಅದು ನ್ಯಾಯವಾದ ಕಾರಣವೇ. ಆದರೆ ಆ ನಕ್ಷೆಯಲ್ಲಿ ಪ್ರತಿ ಊರಿಗೂ ಎರಡು ಮೂರು ದಾರಿಗಳಿವೆ, ಯಾವ ದಾರಿಯೂ ಹುಲಿ ಅಭಯಾರಣ್ಯದೊಳಗೆ ಹೋಗುವುದಿಲ್ಲ, ಯಾರೂ ಜೆಸಿಬಿ ತರುವುದಿಲ್ಲ.

ನಮ್ಮಲ್ಲಿ ಜೆಸಿಬಿಯೇ ಮುಖ್ಯ ಪಾತ್ರಧಾರಿ. ನೀರಿನವರು ಅಗೆಯುತ್ತಾರೆ, ಒಳಚರಂಡಿಯವರು ಅಗೆಯುತ್ತಾರೆ, ವಿದ್ಯುತ್ ಕಂಪನಿ ಸೆಸ್ಕ್‌ನವರು ಅಗೆಯುತ್ತಾರೆ, ಗ್ಯಾಸಿನವರು ಅಗೆಯುತ್ತಾರೆ. ಹೀಗೆ ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟವೆಂದು ಕೇಂದ್ರ ಸರ್ಕಾರವೇ ಅಂದಾಜಿಸಿದೆ. ಅಗೆಯುವ ಮುಂಚೆ ತಿಳಿಸಿ ಎಂಬ ಆ್ಯಪನ್ನು 2023ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ್ದು ಇದಕ್ಕೇ. ಫೈಬರ್ ಕಡಿದುಹೋದರೆ ಅದರ ಎರಡು ತುದಿಗಳನ್ನು ಹುಡುಕಿ, ಸ್ಪ್ಲೈಸಿಂಗ್ ಮೆಷೀನಿನಲ್ಲಿಟ್ಟು, ಕೂದಲಿಗಿಂತ ತೆಳುವಾದ ಎಳೆಗಳನ್ನು ಒಂದೊಂದಾಗಿ ಬೆಸೆಯಬೇಕು. ಮಳೆಯಲ್ಲಿ, ಗುಂಡಿಯ ಪಕ್ಕದಲ್ಲಿ ಕೂತು ಆ ಕೆಲಸ ಮಾಡುವ ಹುಡುಗರನ್ನು ಯಾವ ಪ್ರಬಂಧವೂ ಲೆಕ್ಕಕ್ಕೆ ಹಿಡಿದದ್ದು ನಾನು ನೋಡಿಲ್ಲ.

ಎಳೆ ಕಡಿದರೂ ಸುದ್ದಿ ನಿಲ್ಲಬಾರದೆಂದರೆ ಪ್ರತಿ ಊರಿಗೂ ಎರಡು ದಾರಿ ಇರಬೇಕು. ಜಾಲವನ್ನು ಬಳೆಯಾಕಾರದಲ್ಲಿ ಕಟ್ಟಿದರೆ ಒಂದು ಕಡೆ ಕಡಿದಾಗ 50 ಮಿಲಿಸೆಕೆಂಡಿನೊಳಗೆ ಇನ್ನೊಂದು ಸುತ್ತಿನಿಂದ ಸುದ್ದಿ ತಿರುಗಿ ಬರುತ್ತದೆ. ಮಾತಾಡುವವರಿಗೆ ಗೊತ್ತೂ ಆಗುವುದಿಲ್ಲ. 2011ರಲ್ಲಿ ಒಪ್ಪಿಗೆ ಪಡೆದು ಆಮೇಲೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆದಾಗ ಹಣ ಮತ್ತು ಅವಸರ ಎರಡೂ ಸೇರಿ ಹೆಚ್ಚಿನ ಕಡೆ ತಾಲ್ಲೂಕಿನಿಂದ ಪಂಚಾಯಿತಿಗೆ ಒಂದೇ ಗೆರೆ ಎಳೆಯಲಾಯಿತು. ದಾರಿಯಲ್ಲಿ ಒಂದು ಗುಂಡಿ ತೋಡಿದರೆ ಅದರಾಚೆಗಿನ ಪಂಚಾಯಿತಿಗಳೆಲ್ಲ ಕತ್ತಲೆ. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಾಗ ಗೆರೆಯನ್ನು ಬಳೆ ಮಾಡುವುದೇ ಅದರ ಮುಖ್ಯ ಅಂಶಗಳಲ್ಲಿ ಒಂದಾಯಿತು. ಹನ್ನೆರಡು ವರ್ಷ ತಡವಾಗಿ ಕಲಿತ ಪಾಠ. ಇದನ್ನು ಪಠ್ಯಪುಸ್ತಕಗಳು 1998ಕ್ಕೂ ಮೊದಲೇ ಹೇಳುತ್ತಿದ್ದವು.

ಕಾಗದದ ಮೇಲೆ ಬಳೆ ಬರೆಯುವುದು ಸುಲಭ. ನೆಲದ ಮೇಲೆ ನೋಡಿದರೆ ಎರಡು ಕಂಪನಿಗಳ ಎರಡು ಕೇಬಲ್ಲುಗಳು ಒಂದೇ ಹೆದ್ದಾರಿಯ ಒಂದೇ ಕಾಲುವೆಯಲ್ಲಿ ಮಲಗಿರುತ್ತವೆ, ಒಂದೇ ಸೇತುವೆಗೆ ತೂಗಿಕೊಂಡು ಹೊಳೆ ದಾಟುತ್ತವೆ. ನಕ್ಷೆಯಲ್ಲಿ ಎರಡು ಗೆರೆ, ಜೆಸಿಬಿಗೆ ಒಂದೇ ತುತ್ತು. ಒಟ್ಟಿಗೆ ಸಾಯುವ ಗೆರೆಗಳನ್ನು ಗುರುತಿಸಿ ಅವನ್ನು ಒಂದೇ ಎಂದು ಎಣಿಸುವ ವಿನ್ಯಾಸ ಸಂಶೋಧನೆಯಲ್ಲಿ ದೊಡ್ಡ ಕವಲಾಗಿ ಬೆಳೆದಿದೆ. ಮೈಸೂರಿಗೆ ಅದನ್ನು ಅನ್ವಯಿಸಿ ನೋಡಿ. ಈಶಾನ್ಯಕ್ಕೆ ಮಂಡ್ಯದ ದಾರಿ, ವಾಯವ್ಯಕ್ಕೆ ಹಾಸನದ ದಾರಿ. ದಕ್ಷಿಣಕ್ಕೆ ಇಳಿಯಬೇಕೆಂದರೆ ಒಂದೋ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು, ಇಲ್ಲವೇ ಚಾಮರಾಜನಗರ ದಾಟಿ ಸತ್ಯಮಂಗಲದ ಕಾಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗುದ್ದಲಿ ಎತ್ತುವಂತಿಲ್ಲ, ಎತ್ತಲೂ ಬಾರದು. ಕಾಡನ್ನು ಕಾಡಾಗಿಯೇ ಬಿಟ್ಟು ಊರಿಗೆ ಎರಡನೆಯ ದಾರಿ ಕೊಡುವ ಲೆಕ್ಕ ಎನ್‌ಎಸ್‌ಎಫ್‌ನೆಟ್ಟಿನಲ್ಲಿ ಸಿಗುವುದಿಲ್ಲ.

ಅಗೆಯದೆಯೇ ಬೆಳಕು ಕಳಿಸುವ ದಾರಿಯೂ ಒಂದಿದೆ. ಗುಡ್ಡದಿಂದ ಗುಡ್ಡಕ್ಕೆ, ಗಾಳಿಯಲ್ಲೇ. ಗೂಗಲ್ಲಿನ ಮಾತೃಸಂಸ್ಥೆಯಲ್ಲಿ ಹುಟ್ಟಿದ ‘ತಾರಾ’ ಯೋಜನೆ ಕಾಂಗೊ ನದಿಯ ಎರಡು ದಡದಲ್ಲಿರುವ ಬ್ರಾಜವಿಲ್ ಮತ್ತು ಕಿನ್ಶಾಸಾ ನಗರಗಳನ್ನು ಸುಮಾರು 5 ಕಿಲೋಮೀಟರ್ ಉದ್ದದ ಬೆಳಕಿನ ಕಿರಣದಿಂದ ಜೋಡಿಸಿತು. ಸಮುದ್ರಮಟ್ಟದಿಂದ ಸುಮಾರು 1060 ಮೀಟರ್ ಎತ್ತರದ ಚಾಮುಂಡಿ ಬೆಟ್ಟ ನೋಡಿದವರಿಗೆ ಇಂಥದ್ದು ಇಲ್ಲೂ ಆದೀತಲ್ಲ ಎನ್ನಿಸುವುದು ಸಹಜ. ಆದರೆ ಮಂಜಿನ ಹನಿಗಳ ಗಾತ್ರ ಆ ಬೆಳಕಿನ ತರಂಗಾಂತರಕ್ಕೆ ಹತ್ತಿರ, ಹಾಗಾಗಿ ಮಂಜು ಅದನ್ನು ಚದುರಿಸಿಬಿಡುತ್ತದೆ. ಮಳೆಹನಿಯ ಗಾತ್ರ 26 ಗಿಗಾಹರ್ಟ್ಸ್‌ನಂಥ ಮೇಲಿನ ರೇಡಿಯೊ ಅಲೆಗಳಿಗೆ ಹತ್ತಿರ, ಅವನ್ನು ಮಳೆ ಕೆಡಿಸುತ್ತದೆ. ಧನುರ್ಮಾಸದ ಬೆಳಗು ಬೆಳಕಿಗೆ ವೈರಿ, ಮೈಸೂರಿಗೆ ಜೋರು ಮಳೆ ತರುವ ದಸರೆಯ ತಿಂಗಳು ರೇಡಿಯೊಗೆ ವೈರಿ. ಎರಡನ್ನೂ ಇಟ್ಟುಕೊಂಡು, ಹವಾಮಾನ ನೋಡಿ ಒಂದರಿಂದ ಇನ್ನೊಂದಕ್ಕೆ ಹಾರುವ ಜೋಡಿ ಕೊಂಡಿಗಳು ಬುದ್ಧಿವಂತಿಕೆಯ ಪರಿಹಾರ. ಯಾವಾಗ ಹಾರಬೇಕೆಂದು ತಿಳಿಯಲು ಮಾತ್ರ ಆ ಊರಿನ ಮಂಜು, ಆ ಊರಿನ ಮಳೆಯ ವರ್ಷಗಟ್ಟಲೆಯ ಲೆಕ್ಕ ಬೇಕು.

ಮಾತು ಮತ್ತೆ ಮತ್ತೆ ಊರಿನ ಸ್ವಂತ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ರೇಡಿಯೊ ಅಲೆ ಎಷ್ಟು ದೂರಕ್ಕೆ ಎಷ್ಟು ಸೊರಗುತ್ತದೆ ಎಂದು ನಮ್ಮ ವಿದ್ಯಾರ್ಥಿಗಳು ಬಳಸುವ ಸೂತ್ರ ಒಕುಮುರಾ ಮತ್ತವರ ಸಂಗಡಿಗರು ಟೋಕಿಯೊ ಸುತ್ತಮುತ್ತ ಅಳೆದು 1968ರಲ್ಲಿ ಪ್ರಕಟಿಸಿದ ರೇಖೆಗಳಿಂದ ಬಂದದ್ದು. 1980ರಲ್ಲಿ ಹಾಟಾ ಅದಕ್ಕೆ ಸಮೀಕರಣದ ರೂಪ ಕೊಟ್ಟರು. ಮೈಸೂರಿನ ಮಳೆಮರಗಳ ಎಲೆ, ಅರಮನೆಯ ಗೋಡೆಯ ದಪ್ಪ ಅದಕ್ಕೆ ಗೊತ್ತಿಲ್ಲ. ಜನರ ಬಳಕೆಯನ್ನು ಮುಂಗಾಣುವ ಯಂತ್ರಕಲಿಕೆಯ ಪ್ರಬಂಧಗಳು ಬಹಳಷ್ಟು ನಿಂತಿರುವುದು ಮಿಲಾನಿನ ಮೇಲೆ. ಟೆಲಿಕಾಂ ಇಟಾಲಿಯಾ ಕಂಪನಿ 2013ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಆ ನಗರವನ್ನು ಹತ್ತು ಸಾವಿರ ಚೌಕಗಳಾಗಿ ಹಂಚಿ, ಹತ್ತು ಹತ್ತು ನಿಮಿಷಕ್ಕೆ ಪ್ರತಿ ಚೌಕದ ಬಳಕೆಯ ಮೊತ್ತವನ್ನು, ಯಾರೊಬ್ಬರ ಗುರುತೂ ಸಿಗದಂತೆ, ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಅಂದಿನಿಂದ ದುಓಮೊ ಚರ್ಚಿನ ಸುತ್ತಲಿನ ಜನ ಯಾವ ಹೊತ್ತಿಗೆ ಫೋನ್ ಹಿಡಿಯುತ್ತಾರೆ ಎಂಬುದು ಜಗತ್ತಿಗೆಲ್ಲ ಗೊತ್ತು. ದೇವರಾಜ ಮಾರುಕಟ್ಟೆಯ ಸುತ್ತಲಿನವರದು ನಮ್ಮ ಕಾಲೇಜುಗಳಿಗೇ ಗೊತ್ತಿಲ್ಲ.

ನಮ್ಮ ನೆಲದ ಲೆಕ್ಕ ಕೊಟ್ಟರೆ ಜಗತ್ತು ಕೇಳುವುದಿಲ್ಲ ಎನ್ನಬೇಡಿ. 5ಜಿಯ ಮಾನದಂಡ ರೂಪಿಸುವಾಗ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಗ್ರಾಮೀಣ ಪರೀಕ್ಷೆಯಲ್ಲಿ ಟವರುಗಳ ನಡುವಿನ ಅಂತರ 1732 ಮೀಟರ್ ಎಂದಿತ್ತು. ಹಳ್ಳಿಯೆಂದರೆ ಹೆದ್ದಾರಿಯಲ್ಲಿ ವೇಗವಾಗಿ ಓಡುವ ಕಾರುಗಳೆಂಬ ಕಲ್ಪನೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಲ್ಲಿ ನಿಂತವರಿಗೆ ಅದು ನಗು ತರಿಸೀತು. ನಮ್ಮ ಹಳ್ಳಿಗಳಲ್ಲಿ ಟವರು ಪಂಚಾಯಿತಿ ಊರಿನಲ್ಲಿರುತ್ತದೆ, ಜನ ಕಿಲೋಮೀಟರುಗಟ್ಟಲೆ ದೂರದಲ್ಲಿ ಚದುರಿರುತ್ತಾರೆ, ನಡೆದಾಡುತ್ತಾರೆ ಎಂದು ಭಾರತದ ತಜ್ಞರು ವಾದಿಸಿದರು. 6 ಕಿಲೋಮೀಟರ್ ಅಂತರದ ಪರೀಕ್ಷೆಯೊಂದನ್ನು 2017ರಲ್ಲಿ ಕಡ್ಡಾಯಪಟ್ಟಿಗೆ ಸೇರಿಸುವಂತೆ ಮಾಡಿದರು. ಅದಕ್ಕೆ ತಕ್ಕಂತೆ ಐಐಟಿಗಳಲ್ಲಿ ಬೆಳೆದ ತಂತ್ರ ‘5ಜಿಐ’ ಹೆಸರಿನಲ್ಲಿ ಮಾನ್ಯತೆ ಪಡೆದು, ಆಮೇಲೆ ಜಗತ್ತಿನ ಸಾಮಾನ್ಯ 5ಜಿಯೊಳಗೇ ಸೇರಿತು. ಪರೀಕ್ಷೆಯ ಪ್ರಶ್ನೆ ಬದಲಾದದ್ದರಿಂದಲೇ ಉತ್ತರವೂ ಬದಲಾಯಿತು.

ಮೈಸೂರಿನ ದಸರೆಗೆ ಆಹಾರ ಮೇಳದ ಉಪಸಮಿತಿ ಇದೆ, ಯುವ ದಸರೆಯದಿದೆ, ರೈತ ದಸರೆಯದಿದೆ. ಮುಂದಿನ ಸಲ ಜಾಲ ಅಳೆಯುವುದಕ್ಕೂ ಒಂದು ಸಮಿತಿ ಇರಲಿ. ಎನ್‌ಐಇ, ಜೆಎಸ್‌ಎಸ್‌ನಂಥ ಕಾಲೇಜುಗಳ ವಿದ್ಯಾರ್ಥಿಗಳನ್ನು ಅರಮನೆಯಿಂದ ಬನ್ನಿಮಂಟಪದವರೆಗಿನ ಆ ಐದು ಕಿಲೋಮೀಟರಿನುದ್ದಕ್ಕೂ ಅಳತೆಯ ಆ್ಯಪ್ ಹಾಕಿದ ಫೋನುಗಳೊಂದಿಗೆ ನಿಲ್ಲಿಸಲಿ. ಟವರಿನ ಒಳಗಿನ ಲೆಕ್ಕವನ್ನು ಮೊಬೈಲ್ ಕಂಪನಿಗಳು ಕೊಡಬೇಕು, ಕೊಡದಿದ್ದರೆ ದೂರಸಂಪರ್ಕ ಇಲಾಖೆ ಕೊಡಿಸಬೇಕು. ಯಾರ ಹೆಸರೂ ನಂಬರೂ ಬೇಡ. ಚೌಕಕ್ಕೊಂದರಂತೆ, ಹತ್ತು ನಿಮಿಷಕ್ಕೊಂದರಂತೆ ಮೊತ್ತ ಕೊಟ್ಟರೆ ಸಾಕು.